ಮುಖಕ್ಕೆ ತಡೆಯಾಜ್ಞೆ

ಬೆಳಗಿನ ಚಹಾಕ್ಕೆ ಹಾಲು ಬೀಳುವ ಮೊದಲೇ ಎಡ್ವಿನ್ ಹೆಸ್ಲಪ್ ಫೋನ್ ತೆರೆದು ನೋಡಿದ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ನ್ಯಾಯಾಲಯದಿಂದ ಇಮೇಲ್ ಬಂದಿತ್ತು. ಅದರೊಳಗೆ ಅವನ ದಾವೆಯ ತೀರ್ಪಿನ ಕರಡು. ಕರಡಿನ ನೆತ್ತಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಒಂದು ಎಚ್ಚರಿಕೆ. ನಾಳೆ ಬೆಳಗ್ಗೆ ತೀರ್ಪು ಓದುವವರೆಗೆ ಇದರಲ್ಲೇನಿದೆಯೆಂದು ವಾದಿ ಪ್ರತಿವಾದಿಗಳನ್ನು ಬಿಟ್ಟು ಬೇರೆ ಯಾರಿಗೂ, ಯಾವ ರೀತಿಯಲ್ಲೂ ತಿಳಿಯಬಾರದು. ತಿಳಿಸಿದರೆ ನ್ಯಾಯಾಂಗ ನಿಂದನೆ, ಜೈಲಾದರೂ ಆದೀತು.

'ಯಾವ ರೀತಿಯಲ್ಲೂ' ಎಂಬ ಮಾತು ಎಡ್ವಿನ್‌ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಏಕೆಂದರೆ ಅವನ ಮುಖ ಅಂಗಡಿಯ ಗಾಜಿನ ಕಿಟಕಿಯಿದ್ದ ಹಾಗೆ, ಒಳಗಿರುವ ಸರಕೆಲ್ಲ ಬೀದಿಗೆ ಕಾಣುತ್ತಿತ್ತು. ಅವನು ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಹಿಂದೆ ಕೂತ ಪ್ರಯಾಣಿಕರು ಅವನ ಕುತ್ತಿಗೆ ನೋಡಿಯೇ ಹಿಂದಿನ ದಿನದ ಫುಟ್‌ಬಾಲ್ ಪಂದ್ಯ ಯಾರ ಪಾಲಾಯಿತೆಂದು ಹೇಳುತ್ತಿದ್ದರು.

ದಾವೆ ಒಂದು ಓಣಿಯದು. ಎಡ್ವಿನ್‌ಗೆ ಊರಾಚೆ ಬಾಡಿಗೆಯ ತೋಟದ ತುಂಡೊಂದಿತ್ತು. ಅಲ್ಲಿ ಅವನು ಪ್ರದರ್ಶನಕ್ಕೆಂದು ತೋಳಿನಷ್ಟು ದಪ್ಪದ ಲೀಕ್ ಬೆಳೆಸುತ್ತಿದ್ದ. ಅದು ಈರುಳ್ಳಿಯ ದಾಯಾದಿ. ಡರ್ಹಮ್ ಸೀಮೆಯ ಹಳೆಯ ಗಣಿ ಊರುಗಳಲ್ಲಿ ಮಗನ ಮದುವೆಗಿಂತ ಹೆಚ್ಚು ಸಡಗರ ಅದಕ್ಕೆ. ಪಕ್ಕದ ಮನೆಯ ಮಾವಿಸ್ ಡಾಡ್ಸ್‌ಳ ಹಿತ್ತಿಲ ಓಣಿಯಲ್ಲಿ ಕೈಗಾಡಿ ತಳ್ಳಿಕೊಂಡು ಅವನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗೊಬ್ಬರ ಸಾಗಿಸಿದ್ದ. ಹೋದ ವರ್ಷ ಒಂದು ಹಿಡಿ ಕುದುರೆ ಗೊಬ್ಬರ ಹಾರಿ ಅವಳು ಒಣಹಾಕಿದ್ದ ಬಿಳಿಯ ಹಾಸಿಗೆ ಹೊದಿಕೆಗೆ ಬಿತ್ತು. ಮಾವಿಸ್ ಓಣಿಗೆ ಅಗಳಿ ಹಾಕಿದಳು. ಇನ್ನುಳಿದ ದಾರಿಯೆಂದರೆ ಹಳೆಯ ಗಣಿಯ ಮಣ್ಣಿನ ದಿಬ್ಬ ಹತ್ತಿ ಇಳಿಯುವುದು. ಎಡ್ವಿನ್‌ನ ಮೊಣಕಾಲು ಅದಕ್ಕೆ ಒಪ್ಪುತ್ತಿರಲಿಲ್ಲ. ಓಣಿಯಿಲ್ಲದಿದ್ದರೆ ಲೀಕ್ ಇಲ್ಲ, ಲೀಕ್ ಇಲ್ಲದ ಎಡ್ವಿನ್ ಯಾರೆಂದು ಅವನಿಗೇ ಗೊತ್ತಿರಲಿಲ್ಲ. ಓಣಿಯಲ್ಲಿ ಓಡಾಡುವ ಹಕ್ಕು ತನಗಿದೆಯೆಂದು ದಾವೆ ಹೂಡಿದ.

ವಕೀಲರನ್ನಿಟ್ಟರೆ ಲೀಕ್‌ಗಿಂತ ವಕೀಲರೇ ದಪ್ಪಗಾಗುತ್ತಾರೆಂದು ವಾದಿ ಪ್ರತಿವಾದಿ ಇಬ್ಬರೂ ತಾವೇ ನಿಂತು ವಾದಿಸಿದ್ದರು.

ಆದರೆ ಎಡ್ವಿನ್‌ನನ್ನು ಅಲುಗಾಡಿಸಿದ್ದು ವಾದವಲ್ಲ. ವಸಂತದಲ್ಲಿ ಒಂದು ದಿನ ನ್ಯಾಯಾಧೀಶೆ ತಾವೇ ಓಣಿ ನೋಡಲು ಬಂದಿದ್ದರು. ಮಂಡಿವರೆಗಿನ ರಬ್ಬರ್ ಬೂಟು, ಶೀತಕ್ಕೆ ಕೆಂಪಾದ ಮೂಗು. ಜಿನುಗುವ ಮಳೆಯಲ್ಲಿ ನಿಂತು, ಬಗ್ಗಿ, ಅವನ ಕೈಗಾಡಿಯ ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡಿದರು. ರಾಜರ ಹೆಸರಲ್ಲಿ ನಡೆಯುವ ಕಾನೂನು, ಎಷ್ಟೋ ನೂರು ವರ್ಷದಿಂದ ದೊರೆಗಳನ್ನೂ ಕಳ್ಳರನ್ನೂ ಕಂಡ ಕಾನೂನು, ಕೆಸರಿಗಿಳಿದು ಬಂದು ತನ್ನ ಗಾಡಿಯನ್ನು ಮುಟ್ಟಿತೆಂದು ಎಡ್ವಿನ್‌ಗೆ ಮೈ ಜುಮ್ಮೆಂದಿತು. ಆವತ್ತಿನಿಂದ ಆ ಚಕ್ರವನ್ನು ತೊಳೆಯಲು ಅವನಿಗೆ ಮನಸ್ಸೇ ಬಂದಿರಲಿಲ್ಲ.

ಈಗ ಅದೇ ಕಾನೂನು ಅವನ ಬಗ್ಗೆ ಬರೆದಿತ್ತು. ಅವನು ಸಾಲು ಸಾಲಿಗೂ ಬೆರಳಿಟ್ಟು ಓದಿದ.

'ಶ್ರೀ ಹೆಸ್ಲಪ್ ಅವರಷ್ಟು ಪ್ರಾಮಾಣಿಕರಾದ ಸಾಕ್ಷಿ ಈ ಕಟಕಟೆಗೆ ಬರುವುದು ಅಪರೂಪ. ಅವರು ಹೇಳಿದ ಪ್ರತಿಯೊಂದು ಮಾತನ್ನೂ ನಾನು ನಂಬುತ್ತೇನೆ.' ಮುಂದೆ ಮಾವಿಸ್‌ಳ ಬಗ್ಗೆ: 'ತಾವು ಒಮ್ಮೆಯೂ ಅಪ್ಪಣೆ ಕೊಟ್ಟಿಲ್ಲವೆಂಬ ಶ್ರೀಮತಿ ಡಾಡ್ಸ್ ಅವರ ಮಾತನ್ನು, ವಿಷಾದದಿಂದ, ನಂಬಲಾರೆ.' ಕೊನೆಯ ಸಾಲು: 'ಆದ್ದರಿಂದ ವಾದಿಯ ಕೋರಿಕೆಯನ್ನು ಒಪ್ಪದಿರಲು ಕಾರಣವಿಲ್ಲವೆಂದು ಹೇಳಲು ನನಗೆ ಸಾಧ್ಯವಾಗುತ್ತಿಲ್ಲ.'

ಕೊನೆಯ ಸಾಲಿನಲ್ಲಿರುವ 'ಇಲ್ಲ'ಗಳನ್ನು ಎಡ್ವಿನ್ ಬೆರಳು ಮಡಿಸಿ ಎಣಿಸಿದ. ಒಮ್ಮೆ ಗೆದ್ದ, ಒಮ್ಮೆ ಸೋತ, ಮತ್ತೊಮ್ಮೆ ಬೆರಳೇ ಸಾಲದಾಯಿತು. ಯಾರನ್ನಾದರೂ ಕೇಳೋಣವೆಂದರೆ ಜೈಲು. ಕೊನೆಗೆ ಮೊದಲ ಸಾಲಿಗೇ ಹಿಂತಿರುಗಿದ. ಪ್ರತಿಯೊಂದು ಮಾತನ್ನೂ ನಂಬಿದ ಮೇಲೆ ಇನ್ನೇನು ಬೇಕು? ಗೆದ್ದೆ! ತುಟಿ ಕಿವಿಯ ಕಡೆ ಹೊರಟಿತು. ಅವನು ಎರಡೂ ಕೈಯಿಂದ ಅದನ್ನು ಹಿಡಿದು ವಾಪಸು ತಂದ.

"ಏನ್ರೀ ಅದು?" ಅಂದಳು ಹೆಂಡತಿ ಹಿಲ್ಡಾ, ಹಾಲಿನ ಪಾತ್ರೆ ಹಿಡಿದು.

"ಏನಿಲ್ಲ."

"ಏನಿಲ್ಲ ಅನ್ನೋಕೆ ಕೆನ್ನೆ ಯಾಕೆ ಹಿಡ್ಕೊಂಡಿದೀರಿ? ಹಲ್ಲುನೋವಾ? ಕೋರ್ಟಿಂದ ಬಂತಾ?"

"ಬಂದಿದ್ರೂ ಬಂದಿಲ್ಲ, ಬರದಿದ್ರೂ ಬಂದಿಲ್ಲ," ಎಂದು ಎಡ್ವಿನ್ ಟೋಪಿ ಹಾಕಿಕೊಂಡು ಹೊರಬಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯಿಂದ ಅವನು ಮುಚ್ಚಿಟ್ಟ ಮೊದಲ ಸಂಗತಿ ಅದು. ಬೆನ್ನು ತುರಿಸಿದಂತಾಯಿತು.

ಬ್ರೆಂಡಾಳ ಬೇಕರಿಯಲ್ಲಿ ಎಂದಿನಂತೆ ಹ್ಯಾಮು, ಬಟಾಣಿ ಮುದ್ದೆ ತುಂಬಿದ ರೊಟ್ಟಿ ಕೊಳ್ಳೋಣವೆಂದು ಹೋದ. ಬ್ರೆಂಡಾ ಕೌಂಟರಿನ ಮೇಲೆ ಮೊಣಕೈಯೂರಿದಳು.

"ಬಾ ಚಿನ್ನಾ. ನಾಳೆ ತೀರ್ಪು, ನಿನಗೆ ಇವತ್ತೇ ಗೊತ್ತಾಗಿರುತ್ತಂತೆ. ಇವತ್ತು ಏನ್ ಕೊಡ್ಲಿ? ಕೆನೆ ತುಂಬಿದ ಬನ್ನು ತಗೊಂಡ್ರೆ ಗೆದ್ದೆ ಅಂತ, ಬರೀ ರೊಟ್ಟಿ ತಗೊಂಡ್ರೆ ಸೋತೆ ಅಂತ. ಬಾಯಲ್ಲಿ ಹೇಳೋದೇ ಬೇಡ ಬಿಡು."

ಎಡ್ವಿನ್‌ನ ಕೈ ರೊಟ್ಟಿಯ ಹತ್ತಿರ ಹೋಗಿ ನಿಂತಿತು. ಬನ್ನಿನ ಹತ್ತಿರ ಹೋಗಿ ನಿಂತಿತು.

"ಹೋಗ್ಲಿ, ಜಡ್ಜಮ್ಮ ಬೈದ್ರಾ, ಹೊಗಳಿದ್ರಾ ಅಷ್ಟು ಹೇಳು. ನಮ್ಮಣ್ಣನ್ನ ಹೊಗಳಿ ಹೊಗಳಿಯೇ ಮನೆ ಖಾಲಿ ಮಾಡ್ಸಿದ್ರು."

"ನನಗೆ ಹಸಿವಿಲ್ಲ," ಎಂದು ಎಡ್ವಿನ್ ಬರಿಗೈಯಲ್ಲಿ ಹೊರಗೆ ಬಂದ. ಅವನಿಗೆ ಹಸಿವಿಲ್ಲವೆಂಬ ಸುದ್ದಿ ಅವನಿಗಿಂತ ಮೊದಲು ಬೀದಿಯ ತುದಿ ತಲುಪಿತ್ತು.

ಅಲ್ಲಿ ಲೀಕ್ ಸ್ಪರ್ಧೆಯ ಎದುರಾಳಿ ವಿಲ್ಫ್ ಕಾಯುತ್ತಿದ್ದ. "ಊಟ ಬಿಟ್ಟಿಯಂತೆ? ಸೋತ್ಯೇನೋ ಮಾರಾಯಾ? ಪಾಪ. ನಿನ್ನ ತೋಟದ ತುಂಡು ನಾನೇ ನೋಡ್ಕೋತೀನಿ ಬಿಡು, ಚಿಂತೆ ಮಾಡ್ಬೇಡ."

ಈ ಅನುಕಂಪಕ್ಕೆ ಎಡ್ವಿನ್‌ಗೆ ನಗು ಉಕ್ಕಿ ಬಂತು. ನಕ್ಕರೆ ನ್ಯಾಯಾಂಗ ನಿಂದನೆ. ತಡೆಯಲು ಅವನು ಮುಖವನ್ನು ಇದ್ದಲ್ಲೇ ಗಟ್ಟಿ ಮಾಡಿದ. ಕಲ್ಲಿನ ಸಂತನ ಹಾಗೆ ನೆಟ್ಟ ಕಣ್ಣು, ಒಂದು ಕಡೆ ಬಿಗಿದ ಬಾಯಿ. ಅದೇ ಮುಖ ಹೊತ್ತುಕೊಂಡು ಮನೆಗೆ ನಡೆದ. ವಿಲ್ಫ್ ಹಿಂದಿನಿಂದ ಓಡಿ ಬಂದ.

"ಹಿಲ್ಡಾ! ಇವನ ಬಾಯಿ ನೋಡು, ಒಂದ್ ಕಡೆಗೆ ಹೋಗಿದೆ!"

ಹಿಲ್ಡಾಳ ಕೈಯಿಂದ ಒರೆಸುವ ಬಟ್ಟೆ ಬಿತ್ತು. ಪಾರ್ಶ್ವವಾಯು ಬಡಿದವರನ್ನು ಗುರುತಿಸುವುದು ಹೇಗೆಂದು ಟೀವಿಯಲ್ಲಿ ಹೇಳಿಕೊಟ್ಟದ್ದು ಆ ಊರಲ್ಲಿ ಮಕ್ಕಳಿಗೂ ಬಾಯಿಪಾಠ. "ರೀ, ನಗಿ! ಒಂದ್ ಸಲ ನಗ್ರೀ!"

ಎಡ್ವಿನ್ ತಲೆಯಾಡಿಸಿದ.

"ನಗೋಕಾಗ್ತಿಲ್ಲ ಅವ್ರಿಗೆ! ಮಾತಾಡ್ರೀ, ಏನಾದ್ರೂ ಹೇಳಿ!"

"ಹೇಳೋ ಹಾಗಿಲ್ಲ," ಎಂದ ಎಡ್ವಿನ್ ಹಲ್ಲು ಕಚ್ಚಿ.

"ಮಾತು ತೊದಲ್ತಿದೆ," ಎಂದು ವಿಲ್ಫ್ ಆಂಬುಲೆನ್ಸಿಗೆ ಫೋನ್ ಮಾಡಿಯೇಬಿಟ್ಟ.

ಆಂಬುಲೆನ್ಸ್ ನೀಲಿ ದೀಪ ತಿರುಗಿಸುತ್ತ ಬಂದು ಬಾಗಿಲಲ್ಲಿ ನಿಂತಿತು. ಬೀದಿಗೆ ಬೀದಿಯೇ ಬೇಲಿಗೆ ಒರಗಿತು. ಬ್ರೆಂಡಾ ಅಂಗಡಿಗೆ ಬೀಗ ಹಾಕಿ ಬಂದಿದ್ದಳು. ಹಸಿರು ಉಡುಪಿನ ನರ್ಸು ಎಡ್ವಿನ್‌ನನ್ನು ಕುರ್ಚಿಯಲ್ಲಿ ಕೂರಿಸಿ, "ಎರಡೂ ಕೈ ಎತ್ತಿ ತಾತಾ," ಎಂದಳು. ಎತ್ತಿದ. "ಸರಿ, ಈಗ ಒಂದು ನಗು ಕೊಡಿ ನೋಡೋಣ."

ಎಡ್ವಿನ್ ಅವಳ ಕಿವಿಯ ಹತ್ತಿರ ಬಾಗಿದ. "ನಾಳೆ ಬೆಳಗಿನವರೆಗೆ ನ್ಯಾಯಾಲಯದ ಅಪ್ಪಣೆ ಇಲ್ಲ ತಾಯಿ."

ನರ್ಸು ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ನಾಡಿ ನೋಡಿದಳು. "ಕುದುರೆ ಹಾಗಿದಾರೆ. ಹಟ ಜಾಸ್ತಿ, ಅಷ್ಟೇ," ಎಂದು ಹೊರಟುಹೋದಳು.

ಬೇಲಿಯ ಗುಂಪು ಸರಿದು ದಾರಿ ಬಿಟ್ಟಿತು. ಮಾವಿಸ್ ಡಾಡ್ಸ್ ಬಂದಳು. ಹೆಗಲೆಲ್ಲ ಕುಸಿದು, ಒಣಹಾಕಿ ಮರೆತ ಕೋಟಿನಂತೆ ಕಾಣುತ್ತಿದ್ದಳು. ಕರಡು ಅವಳಿಗೂ ಬಂದಿರಬೇಕು. ಎಡ್ವಿನ್‌ಗೆ ಅವಳ ಮುಖ ಓದಲು ಬಂತು. ಸೋತವಳ ಮುಖ ಅದು. ತಾನು ಗೆದ್ದದ್ದಕ್ಕೆ ಇನ್ನೇನು ಸಾಕ್ಷಿ ಬೇಕು?

"ಎಡ್ವಿನ್," ಅಂದಳು ಮಾವಿಸ್, "ಆಂಬುಲೆನ್ಸ್ ನೋಡಿ ನನ್ನ ಎದೆ ಒಡೆದೋಯ್ತು ಕಣೋ. ಒಂದು ಓಣಿಗೋಸ್ಕರ ನಿನ್ನ ಹೆಣ ಹೊರೋದು ಬೇಡ. ರಾಜಿ ಆಗ್ಬಿಡೋಣ. ಸೋಮವಾರ ನಾನು ಬಟ್ಟೆ ಒಣಗ್ಸ್ತೀನಿ, ಅದೊಂದು ದಿನ ಬಿಟ್ಟು ಎಲ್ಲ ದಿನ ಗಾಡಿ ತಗೊಂಡು ಹೋಗು. ಈಗಲೇ ಬರ್ಕೊಡ್ತೀನಿ. ಹೂಂ ಅನ್ನು."

ಎಲ್ಲರೂ ಎಡ್ವಿನ್‌ನನ್ನು ನೋಡಿದರು. ಹೂಂ ಅಂದರೆ ಸೋತಿದ್ದಾನೆ ಅಂತ ಊರಿಗೆ ತಿಳಿಯುತ್ತದೆ. ಊಹೂಂ ಅಂದರೆ ಗೆದ್ದಿದ್ದಾನೆ ಅಂತ ತಿಳಿಯುತ್ತದೆ. ಯಾವುದಾದರೇನು, ತಿಳಿದಂತೆಯೇ. ಅವನು ರಬ್ಬರ್ ಬೂಟಿನ ಆ ನ್ಯಾಯಾಧೀಶೆಯನ್ನು ನೆನೆದ. ಅವರು ನಂಬಿದ ಮನುಷ್ಯ ಅವರ ಒಂದು ಆಜ್ಞೆಯನ್ನು ಪಾಲಿಸಲಾರನೇ? ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಎಂಥಾ ಕೊಬ್ಬು!" ಎಂದಳು ಮಾವಿಸ್ ಬೀದಿಯಲ್ಲಿ.

ಮರುದಿನ ಎಡ್ವಿನ್, ಹಿಲ್ಡಾ, ಮಾವಿಸ್ ಮೂವರೂ ಪೇಟೆಗೆ ಒಂದೇ ಬಸ್ಸಿನಲ್ಲಿ ಹೋದರು, ಬೇರೆ ಬೇರೆ ಕಿಟಕಿ ನೋಡುತ್ತ. ನ್ಯಾಯಾಲಯದಲ್ಲಿ "ಎಲ್ಲರೂ ಎದ್ದು ನಿಲ್ಲಿ" ಎಂಬ ಕೂಗಿಗೆ ಎಡ್ವಿನ್ ಎಷ್ಟು ನೆಟ್ಟಗೆ ನಿಂತನೆಂದರೆ ಅವನ ಮೊಣಕಾಲೂ ಆ ಕ್ಷಣ ದೂರುವುದನ್ನು ಮರೆಯಿತು. ಗೋಡೆಯ ಮೇಲೆ ರಾಜಲಾಂಛನದ ಸಿಂಹ, ಕೊಂಬಿನ ಕುದುರೆ. ಅದರ ಕೆಳಗೆ ನ್ಯಾಯಾಧೀಶೆ. ಮೂಗಿನ ಕೆಂಪು ಇನ್ನೂ ಇಳಿದಿರಲಿಲ್ಲ. ಅವರು ಕನ್ನಡಕ ತೆಗೆದು ಎಡ್ವಿನ್‌ನನ್ನೇ ನೋಡುತ್ತ ಮೆಲ್ಲಗೆ ಹೇಳಿದರು:

"ಹೆಸ್ಲಪ್ ಅವರೇ, ಬರವಣಿಗೆ ಬಿಟ್ಟು ಸರಳವಾಗಿ ಹೇಳ್ತೀನಿ. ಇಪ್ಪತ್ತು ವರ್ಷ ಯಾರನ್ನೂ ಕೇಳದೆ ಒಂದು ದಾರೀಲಿ ನಡೆದ್ರೆ ಆ ದಾರಿ ಮೇಲೆ ಹಕ್ಕು ಹುಟ್ಟುತ್ತೆ. ಅಪ್ಪಣೆ ಕೇಳಿ ನಡೆದ್ರೆ ಹುಟ್ಟೋದಿಲ್ಲ. ಶ್ರೀಮತಿ ಡಾಡ್ಸ್ ತಾವು ಒಂದು ಸಲಾನೂ ಅಪ್ಪಣೆ ಕೊಟ್ಟಿಲ್ಲ ಅಂದ್ರು. ಅವರನ್ನ ನಂಬಿದ್ದಿದ್ರೆ ದಾರಿ ನಿಮ್ಮದಾಗ್ತಿತ್ತು. ಆದ್ರೆ ನೀವು, ದಿನಾ ಬೇಲಿ ಹತ್ರ ನಿಂತು 'ಅಡ್ಡಿಯಿಲ್ಲ ತಾನೆ ಮಾವಿಸ್?' ಅಂತ ಕೇಳ್ತಿದ್ದೆ, ಅವಳು 'ಹೋಗೋ ಹೋಗು' ಅಂತಿದ್ಲು ಅಂದ್ರಿ. ನಾನು ನಿಮ್ಮನ್ನ ನಂಬಿದೆ. ದಾವೆ ವಜಾ ಆಗಿದೆ."

ಎಡ್ವಿನ್‌ನ ಮುಖದ ಮೇಲಿನ ತಡೆಯಾಜ್ಞೆ ಈಗ ತೆರವಾಗಿತ್ತು. ಆದರೆ ತೋರಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ. ಇಪ್ಪತ್ತು ವರ್ಷ ಒರಟನಂತೆ ನುಗ್ಗಿದ್ದರೆ ಓಣಿ ಅವನದು. ಅವನ ಅಮ್ಮ ಚಿಕ್ಕಂದಿನಲ್ಲಿ ಕಿವಿ ಹಿಂಡಿ ಕಲಿಸಿದ ಮರ್ಯಾದೆಗೆ ಇದು ಬೆಲೆ.

ಇತ್ತ ಗೆದ್ದ ಮಾವಿಸ್ ಉರಿದು ಬೀಳುತ್ತಿದ್ದಳು. ನ್ಯಾಯಾಧೀಶೆ ಕಾಗದ ಜೋಡಿಸಿಕೊಳ್ಳುತ್ತಿದ್ದಾಗ ಅವಳು ಎಡ್ವಿನ್‌ನ ತೋಳು ಹಿಡಿದೆಳೆದು ಪಿಸುಗುಟ್ಟಿದಳು. "ನನ್ನನ್ನ ಸುಳ್ಳಿ ಅಂದ್ರಲ್ಲೋ! ನಾಳೆ ಪೇಪರ್‌ನಲ್ಲಿ ಬರುತ್ತೆ. ನಾನು ಚರ್ಚಿಗೆ ಹೇಗೆ ಹೋಗ್ಲಿ? ಓಣಿ ಹಾಳಾಗ್ಲಿ, ತಗೋ. ಎದ್ದು ಹೇಳು, ನನಗೇ ತಪ್ಪು ನೆನಪು, ಮಾವಿಸ್ ಯಾವತ್ತೂ ಹೋಗು ಅಂದಿಲ್ಲ ಅಂತ."

"ಈಗ ಹೇಳಿದ್ರೆ ಆಗುತ್ತಾ?"

"ಆದೇಶಕ್ಕೆ ಮುದ್ರೆ ಬೀಳೋವರೆಗೂ ಜಡ್ಜು ಮನಸ್ಸು ಬದಲಾಯಿಸ್ಬೋದಂತೆ. ಬಾಗಿಲಲ್ಲಿರೋ ಆಳನ್ನ ಕೇಳ್ಕೊಂಡು ಬಂದಿದೀನಿ. ಏಳು!"

"ಏಳ್ರೀ," ಎಂದಳು ಈ ಕಡೆಯಿಂದ ಹಿಲ್ಡಾ. "ಒಂದೇ ಒಂದು ಮಾತು."

ಎಡ್ವಿನ್ ಎದ್ದ. ನ್ಯಾಯಾಧೀಶೆ ತಲೆಯೆತ್ತಿದರು. "ಹೆಸ್ಲಪ್ ಅವರೇ, ಏನಾದ್ರೂ ಸೇರ್ಸೋದಿದೆಯಾ?"

"ಇದೆ ಅಮ್ಮಾ. ನನ್ನ ಸಾಕ್ಷ್ಯದಲ್ಲಿ ಒಂದು ತಪ್ಪಾಗಿದೆ."

ಮಾವಿಸ್ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಸುಳ್ಳು ಎಡ್ವಿನ್‌ನ ನಾಲಗೆಯ ತುದಿಗೆ ಬಂದು ಸಿದ್ಧವಾಗಿ ಕೂತಿತ್ತು. ಅವನು ಸಿಂಹವನ್ನು ನೋಡಿದ, ಕುದುರೆಯನ್ನು ನೋಡಿದ. ಅವುಗಳ ಕೆಳಗೆ, ತಾನು ಹೇಳುವ ಯಾವ ಮಾತನ್ನಾದರೂ ನಂಬಲು ಸಿದ್ಧವಾಗಿ, ಪೆನ್ನು ಹಿಡಿದು ಕಾಯುತ್ತಿದ್ದ ಆ ಮುಖವನ್ನು ನೋಡಿದ. ಬದುಕಿನಲ್ಲಿ ಯಾರೂ ಅವನ ಮಾತಿಗೆ ಹಾಗೆ ಕಾದಿರಲಿಲ್ಲ.

"ದಿನಕ್ಕೊಂದ್ ಸಲ ಅಪ್ಪಣೆ ಕೇಳ್ತಿದ್ದೆ ಅಂದಿದ್ದೆ ಅಮ್ಮಾ," ಎಂದ. "ಅದು ತಪ್ಪು. ವಾಪಸ್ ಬರುವಾಗ್ಲೂ ಕೇಳ್ತಿದ್ದೆ."

ನ್ಯಾಯಾಧೀಶೆ ಅದನ್ನೂ ಬರೆದುಕೊಂಡು, "ತುಂಬಾ ಉಪಕಾರವಾಯ್ತು," ಎಂದು ಎದ್ದರು.

ಸಂಜೆ ದಿಬ್ಬದ ಬುಡದಲ್ಲಿ ಎಡ್ವಿನ್ ಕೈಗಾಡಿಯ ಹಿಡಿಕೆ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದ. ಮಾವಿಸ್‌ಳ ಓಣಿಗೆ ಈಗ ಎರಡು ಅಗಳಿ ಬಿದ್ದಿದ್ದವು. ಹಿಲ್ಡಾ ಮಾತು ಬಿಟ್ಟಿದ್ದಳು. ವಿಲ್ಫ್ ದಾರಿಗೆ ಅಡ್ಡ ನಿಂತು ಕೇಳಿದ:

"ಕೊನೆಗೆ ಏನಾಯ್ತೋ ಮಾರಾಯಾ? ಜಡ್ಜು ಯಾರ ಮಾತು ನಂಬಿದ್ರು?"

"ನನ್ನದೇ," ಎಂದ ಎಡ್ವಿನ್. "ಒಂದಕ್ಷರ ಬಿಡದೆ."

"ಹಾಗಾದ್ರೆ ಗಾಡಿ ಯಾಕೆ ಇಲ್ಲಿದೆ?"

"ಅದಕ್ಕೇ ಇಲ್ಲಿದೆ," ಎಂದು ಎಡ್ವಿನ್ ಗಾಡಿ ತಳ್ಳಿದ. ಆಮೇಲೆ ತಡೆದು ನಿಂತು, ತಾನೇ ತಡೆಯಲಾರದೆ ಕೇಳಿದ, "ಸ್ವಲ್ಪ ದಾರಿ ಬಿಡೋಕೆ ಅಡ್ಡಿಯಿಲ್ಲ ತಾನೆ, ವಿಲ್ಫ್?"