ನಾಳಿನ ಬ್ಯಾಕಪ್ ಕೂಡ ಯಶಸ್ವಿ

ದೇಶದ ರಾಜಧಾನಿಯ ಓಖ್ಲಾದಲ್ಲಿ ಹೊರದೇಶಗಳಿಗೆ ಬಟ್ಟೆ ಹೊಲಿದು ಕಳಿಸುವ ಒಂದು ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಇನ್‌ಚಾರ್ಜ್. ಈ ಹುದ್ದೆ ನನಗೆ ಓದಿನಿಂದ ಬಂದದ್ದಲ್ಲ. ಬಹಳ ವರ್ಷಗಳ ಹಿಂದೆ ಒಮ್ಮೆ, ನಿಂತುಹೋಗಿದ್ದ ಪ್ರಿಂಟರಿನ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಅದು ಓಡಿತು. ಅಂದಿನಿಂದ ಇನ್‌ಚಾರ್ಜ್ ಆಗಿದ್ದೇನೆ.

ದೀಪಾವಳಿ ಕಳೆದು ತಿಂಗಳಾಗಿತ್ತು. ಒಂದು ಸೋಮವಾರ ಮಾಲೀಕರಾದ ಛಾಬ್ರಾ ಸಾಹೇಬರು ನನ್ನನ್ನು ಕರೆದು, ಗುರುವಾರ ವಿದೇಶದ ಗಿರಾಕಿ ಕಂಪನಿಯವರು ತಪಾಸಣೆಗೆ ಬರುತ್ತಾರೆಂದೂ, ಪ್ಯಾಟರ್ನ್ ರೂಮಿನ ಮೆಷೀನಿನ ಮೂರು ತಿಂಗಳ ಬ್ಯಾಕಪ್ ಚರಿತ್ರೆ ಅವರಿಗೆ ಬೇಕೆಂದೂ ಹೇಳಿದರು.

"ಹೋ ಜಾಯೇಗಾ ಸರ್, ಒಂದು ಸ್ಕ್ರಿಪ್ಟ್ ಬರೆದರೆ ಸಾಕು" ಅಂದೆ.

ಆ ಮೆಷೀನಿನ ಮಹತ್ವವನ್ನು ಇಲ್ಲಿ ನಿವೇದಿಸಬೇಕು. ನಾವು ಹೊಲಿಯುವ ಪ್ರತಿ ಅಂಗಿಯ ಕಾಲರು, ತೋಳು, ಜೇಬಿನ ಅಳತೆಯ ನಕ್ಷೆಗಳೆಲ್ಲ ಅದರಲ್ಲಿವೆ. ಎಲ್ಲವನ್ನೂ ರಚಿಸಿದವರು ಇಕ್ಬಾಲ್ ಮಾಸ್ಟರ್‌ಜಿ. ಅರವತ್ತು ದಾಟಿದವರು, ಮಿತಭಾಷಿ. ದಿನಾ ಸಂಜೆ ಮೆಷೀನು ತನ್ನಲ್ಲಿರುವುದನ್ನೆಲ್ಲ ಕಪಾಟಿನ ಮೇಲಿನ ಒಂದು ಕಪ್ಪು ಡಬ್ಬಿಗೆ ನಕಲು ಮಾಡಿ, ಹಾಗೆ ಮಾಡಿದೆನೆಂದು ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದಿಡುತ್ತದೆ. ಸ್ಕ್ರಿಪ್ಟ್ ಎಂದರೆ ನಾವು ಕಂಪ್ಯೂಟರಿಗೆ ಬರೆದುಕೊಡುವ ಅಪ್ಪಣೆಗಳ ಚೀಟಿ. ಆ ದಿನಚರಿಯನ್ನು ಓದಿ ವರದಿ ಕೊಡು ಎಂಬುದು ನನ್ನ ಅಪ್ಪಣೆ.

ಮಂಗಳವಾರ ವರದಿ ಸಿದ್ಧವಾಯಿತು. ಒಂದು ತಾರೀಕೂ ಬಿಡದೆ ಪ್ರತಿ ದಿನದ ಮುಂದೆ ಹಸಿರು ಬಣ್ಣದಲ್ಲಿ 'ಯಶಸ್ವಿ'. ಮೂರು ಪ್ರತಿ ತೆಗೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಒಂದನ್ನು ಮನೆಗೂ ಒಯ್ದೆ. ಹೆಂಡತಿ ನೋಡಲಿ ಅಂತ.

ನನ್ನ ಹೆಂಡತಿ ವಸುಧಾ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಬುಧವಾರ ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ಪುಟ ತಿರುವಿದಳು.

"ಎಷ್ಟು ಚೆನ್ನಾಗಿದೆ ರೀ."

"ಮತ್ತೆ?"

"ನಮ್ಮ ಆಫೀಸಲ್ಲಿ ಸಾವಿರ ರಿಪೋರ್ಟ್ ನೋಡಿದೀನಿ. ಇಷ್ಟು ಚೆನ್ನಾಗಿರೋದು ಒಂದೂ ನಿಜ ಇರಲಿಲ್ಲ. ದೀಪಾವಳಿ ದಿನ ನಿಮ್ಮ ಫ್ಯಾಕ್ಟರಿ ಬೀಗ ಹಾಕಿತ್ತಲ್ವಾ?"

"ಹಾಕಿತ್ತು."

"ಅವತ್ತೂ ಯಶಸ್ವಿ ಅಂತಿದೆ. ಹೋಗಲಿ ಬಿಡಿ. ಇವತ್ತು ಬುಧವಾರ. ಇದರಲ್ಲಿ ಶನಿವಾರದ್ದೂ ಯಶಸ್ವಿ ಆಗಿದೆ."

ನಾನು ವರದಿ ಕಿತ್ತುಕೊಂಡು ನೋಡಿದೆ. ತಿಂಗಳ ಕೊನೆಯ ತನಕ ಎಲ್ಲ ಬ್ಯಾಕಪ್ಪುಗಳೂ ಆಗಿಹೋಗಿದ್ದವು. ತಪ್ಪು ಹೊಳೆಯಿತು: 'ವಿಫಲ' ಎಂಬ ಮಾತು ಕಾಣದಿದ್ದರೆ ಯಶಸ್ವಿ ಎಂದು ಬರೆ ಅಂದಿದ್ದೆ. ಇನ್ನೂ ಬಾರದ ಶನಿವಾರ ವಿಫಲವಾಗುವುದಾದರೂ ಹೇಗೆ?

ಮೆಟ್ರೋದಲ್ಲಿ ನಿಂತೇ ಸ್ಕ್ರಿಪ್ಟ್ ತಿದ್ದಿದೆ. 'ಸಕ್ಸಸ್' ಎಂಬ ಪದ ಕಂಡರೆ ಮಾತ್ರ ಯಶಸ್ವಿ, ಇಲ್ಲವಾದರೆ ವಿಫಲ. ಆಫೀಸಿಗೆ ಹೋಗಿ ಓಡಿಸಿದೆ. ಮೂರು ತಿಂಗಳೂ ಕೆಂಪು. ಒಂದು ದಿನವೂ ಬ್ಯಾಕಪ್ ಆಗಿರಲಿಲ್ಲ.

ಆ ಚಳಿಯಲ್ಲೂ ನನ್ನ ಸ್ವೆಟರ್ ಒಳಗೆ ಬೆವರಿಳಿಯಿತು. ಈಗಲಾದರೂ ಒಂದು ಬ್ಯಾಕಪ್ ತೆಗೆಯೋಣವೆಂದು ಪ್ಯಾಟರ್ನ್ ರೂಮಿಗೆ ಓಡಿದೆ. ಮಾಸ್ಟರ್‌ಜಿ ಚಹಾಕ್ಕೆ ಹೋಗಿದ್ದರು. ಮೆಷೀನಿನಲ್ಲಿ ಜಾಗ ಸಾಲದೆ ಹೀಗಾಗಿದೆ ಎಂದು ನಾನೇ ತೀರ್ಮಾನಿಸಿದೆ. ಹುಡುಕಿದಾಗ 'ಕಚರಾ' ಎಂಬ ದೊಡ್ಡ ಫೋಲ್ಡರ್ ಸಿಕ್ಕಿತು. ಕಸ ಎಂದು ಹೆಸರಲ್ಲೇ ಬರೆದಿರುವಾಗ ಅನುಮಾನ ಯಾಕೆ? ಒಂದು ಸಾಲಿನ ಅಪ್ಪಣೆ ಕೊಟ್ಟು ಅಳಿಸಿದೆ. ಹೀಗೆ ಅಳಿಸಿದ್ದು ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ. ನೇರ ಪರಲೋಕ.

ಮಾಸ್ಟರ್‌ಜಿ ಬಂದು ಕುರ್ಚಿಯಲ್ಲಿ ಕೂತರು. ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು.

"ರಘು ಜೀ, ಕಚರಾ ಕಹಾಂ ಗಯಾ?"

"ತೆಗೆದುಹಾಕಿದೆ ಮಾಸ್ಟರ್‌ಜಿ. ಕಸ ಅಲ್ವಾ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ಇಪ್ಪತ್ತು ವರ್ಷದ ಒಳ್ಳೊಳ್ಳೆಯ ನಕ್ಷೆಗಳೆಲ್ಲ ಅದರಲ್ಲೇ ಇದ್ದವೆಂದೂ, ಬೇರೆ ಯಾರೂ ಮುಟ್ಟದಿರಲಿ ಎಂದೇ ಆ ಹೆಸರು ಇಟ್ಟಿದ್ದಾಗಿಯೂ ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ವಾರ ಕತ್ತರಿಸಬೇಕಾದ ಹೊಸ ಆರ್ಡರಿನ ನಕ್ಷೆಗಳೂ ಅದರಲ್ಲೇ ಇದ್ದವು.

"ಬ್ಯಾಕಪ್ ಸೇ ಲೇ ಲೋ" ಅಂದರು.

"ಬ್ಯಾಕಪ್ ಆಗಿಯೇ ಇಲ್ಲ ಮಾಸ್ಟರ್‌ಜಿ. ಮೂರು ತಿಂಗಳಿಂದ." ನಾನು ಕೆಂಪು ವರದಿ ತೋರಿಸಿದೆ.

ಅವರು ಕಾಗದ ಮುಟ್ಟಲಿಲ್ಲ. ಕಪಾಟಿನ ಕಡೆ ನೋಡಿ ಕೇಳಿದರು: "ಡಬ್ಬಾ ಖೋಲ್ ಕೇ ದೇಖಾ?"

ಡಬ್ಬಿ ತೆರೆದು ನೋಡಿದೆಯಾ. ನೋಡಿರಲಿಲ್ಲ. ಎರಡು ಸ್ಕ್ರಿಪ್ಟ್ ಬರೆದಿದ್ದೆ, ಮೂರು ಬೈಂಡಿಂಗ್ ಮಾಡಿಸಿದ್ದೆ, ಡಬ್ಬಿಯನ್ನು ಮಾತ್ರ ತೆರೆದಿರಲಿಲ್ಲ.

ಮೆಷೀನಿನ ಪರದೆಯ ಮೇಲೆ ಡಬ್ಬಿ ತೆರೆದೆವು. 'ಕಚರಾ' ಅಲ್ಲಿತ್ತು. ಮಂಗಳವಾರ ಸಂಜೆಯದು. ಸೋಮವಾರದ್ದೂ ಇತ್ತು, ಕೆಲಸದ ದಿನ ಒಂದೂ ತಪ್ಪಿರಲಿಲ್ಲ. ಆಮೇಲೆ ಮೆಷೀನಿನ ದಿನಚರಿಯನ್ನು ನನ್ನ ಸ್ವಂತ ಕಣ್ಣಿನಿಂದ ಓದಿದೆ. ಅದು ಎಲ್ಲೂ 'ಸಕ್ಸಸ್' ಎಂದು ಬರೆದೇ ಇರಲಿಲ್ಲ. ದಿನವೂ 'ಕಂಪ್ಲೀಟೆಡ್' ಎಂದಷ್ಟೇ ಬರೆದು ಸುಮ್ಮನೆ ತನ್ನ ಕೆಲಸ ಮಾಡಿತ್ತು.

ನಾಲ್ಕು ಗಂಟೆಯ ಹೊತ್ತಿಗೆ ಎಲ್ಲ ನಕ್ಷೆಗಳೂ ವಾಪಸಾದವು. ಮಾಸ್ಟರ್‌ಜಿ ಒಂದೊಂದನ್ನೇ ತೆರೆದು ನೋಡಿ ತಲೆಯಾಡಿಸುತ್ತಿದ್ದರು. ಪ್ರತಿ ಸಲ ಅವರ ತಲೆ ಆಡಿದಾಗ ನನಗೆ ಒಂದೊಂದು ಉಸಿರು ಬರುತ್ತಿತ್ತು. ಕೊನೆಗೆ, "ಅಬ್ ಚಾಯ್ ಪಿಲಾವೋ" ಅಂದರು. ಮೂರು ಕಪ್ ಕುಡಿಸಿದೆ.

ಗುರುವಾರ ಬಂದ ತಪಾಸಣೆಯ ಹೆಂಗಸು ನನ್ನ ಮೂರನೆಯ, ತಿದ್ದಿದ ವರದಿಯ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟಳು. "ಬ್ಯಾಕಪ್ ಎಲ್ಲರೂ ತೆಗೀತಾರೆ. ಅದರಿಂದ ಫೈಲು ವಾಪಸ್ ತರೋಕೆ ಆಗುತ್ತಾ ಅಂತ ಯಾವಾಗಾದರೂ ಪರೀಕ್ಷೆ ಮಾಡಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಛಾಬ್ರಾ ಸಾಹೇಬರು ನನ್ನನ್ನು ನೋಡಿದರು.

"ನಿನ್ನೆಯೇ ಮಾಡಿದ್ದೇವೆ" ಎಂದರು ಮಾಸ್ಟರ್‌ಜಿ, ಹಿಂದಿಯಲ್ಲಿ, ಮುಖದ ಒಂದು ಗೆರೆಯೂ ಅಲುಗದೆ. "ರಘು ಜೀ ಎಲ್ಲಕ್ಕಿಂತ ಮುಖ್ಯವಾದ ಫೋಲ್ಡರನ್ನೇ ಅಳಿಸಿ, ವಾಪಸ್ ತಂದು ತೋರಿಸಿದರು."

ಆಕೆ ಬಹಳ ಮೆಚ್ಚಿ ಏನೋ ಬರೆದುಕೊಂಡಳು. ಸಾಹೇಬರು ನನ್ನ ಬೆನ್ನು ತಟ್ಟಿದರು. ಸಂಜೆ ವಸುಧಾಗೆ ಎಲ್ಲ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಆ ಮಾಸ್ಟರ್‌ಜಿಗೆ ಒಂದು ಡಬ್ಬಿ ಮೈಸೂರ್‌ಪಾಕ್ ಕೊಡಿ" ಅಂದಳು. ಕೊಟ್ಟೆ.

ಈಗ ದಿನವೂ ಕೆಲಸ ಮುಗಿದ ಮೇಲೆ ಮಾಸ್ಟರ್‌ಜಿ ತಾವೇ ಡಬ್ಬಿ ತೆರೆದು, ಯಾವುದಾದರೊಂದು ನಕ್ಷೆ ನೋಡಿ, ನೋಟ್‌ಬುಕ್ಕಿನಲ್ಲಿ 'ದೇಖಾ' ಎಂದು ಬರೆದು ಸಹಿ ಹಾಕುತ್ತಾರೆ. ಸಾಹೇಬರು ಆ ನೋಟ್‌ಬುಕ್ಕನ್ನೇ ಅಧಿಕೃತ ದಾಖಲೆಯೆಂದು ಘೋಷಿಸಿದ್ದಾರೆ. ನನ್ನ ಸ್ಕ್ರಿಪ್ಟ್ ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ವರದಿ ಕಳಿಸುತ್ತದೆ. ಅದಕ್ಕೆ ಒಬ್ಬನೇ ಓದುಗ, ನಾನು. ನಾನೂ ಮೊದಲು ಮಾಸ್ಟರ್‌ಜಿಯ ನೋಟ್‌ಬುಕ್ ನೋಡಿ ಬಂದೇ ಅದನ್ನು ತೆರೆಯುತ್ತೇನೆ.