ಕಿವಿಯುಳ್ಳ ಪಂಪು

ಅಜ್ಜಿಯ ಸ್ಟೋವ್ ಸೋಲಲಿ ಎಂದು ತಾನು ಬೇಡಿಕೊಳ್ಳುತ್ತಿರುವುದನ್ನು ಡೈರಿಗೆ ಹೇಳಲೂ ವಾಗ್ದೇವಿಗೆ ನಾಚಿಕೆಯಾಗಿತ್ತು. ಹಳೇಕಾಲದ ಶಿಬಿರ ಸಂಘದ ನೀರು ಕುದಿಸುವ ಸ್ಪರ್ಧೆಯಲ್ಲಿ ಗೆದ್ದ ಸ್ಟೋವ್ ಸಂಘದ ಗಾಜಿನ ಬೀರು ಸೇರುತ್ತದೆ. ಮತ್ತೆಂದೂ ಅದನ್ನು ಹಚ್ಚುವುದಿಲ್ಲ. ತ್ರಿವಿಕ್ರಮ ಮಾವನ ಆಸೆಯೂ ಅದೇ. ತೀರಿಹೋದ ತಮ್ಮ ತಾಯಿಯ, ಅಂದರೆ ಅಜ್ಜಿಯ, ಹೆಸರು ಆ ಬೀರುವಿನಲ್ಲಿ ಇರಬೇಕು. ಆದರೆ ಆ ಹಿತ್ತಾಳೆಯ ಪಂಪ್ ಸ್ಟೋವ್ ಭೋರ್ಗರೆಯುವಾಗಷ್ಟೇ ವಾಗ್ದೇವಿ ಬಾಯಿಬಿಟ್ಟು ಮಾತಾಡುತ್ತಿದ್ದಳು. ಅಜ್ಜಿ ಇದ್ದಾಗ ಆ ಸದ್ದಿನ ಮರೆಯಲ್ಲಿ ಅವಳ ಮಾತು ಅಜ್ಜಿಗೊಬ್ಬಳಿಗೇ ಕೇಳುತ್ತಿತ್ತು. ಇದನ್ನು ಮಾವನಿಗೆ ಹೇಗೆ ಹೇಳುವುದು?

ಕೆರೆ ದಂಡೆಯ ಗುಡಾರಗಳ ನಡುವೆ ಮಾವ ತಮ್ಮ ಯಂತ್ರದ ಹೊದಿಕೆ ಸರಿಸಿದರು. ಸಂಘದಲ್ಲಿ ಕರೆಂಟು, ಬ್ಯಾಟರಿ ನಿಷಿದ್ಧ. ಹಾಗಾಗಿ ಗ್ರಾಮಫೋನಿನ ಸ್ಪ್ರಿಂಗು, ಕಿವಿಯಾಗಿ ಅದರದೇ ಕಹಳೆ, ಕೆಳಗೆ ಮಗುವಿನ ಗಾಡಿಯ ಚಕ್ರ, ಮುಂದೆ ರಬ್ಬರ್ ಬೆರಳುಗಳ ಕಬ್ಬಿಣದ ಕೈ. ಸ್ಟೋವಿನ ಸದ್ದು ಕುಗ್ಗಿದ್ದು ಕೇಳಿಸಿದರೆ ಅದೇ ಬಂದು ಪಂಪ್ ಹೊಡೆಯುತ್ತದಂತೆ.

"ಸೋತ ದನೀನ ಇದು ಸುಮ್ನೆ ಬಿಡಲ್ಲ," ಎಂದರು ಮಾವ.

"ಅದು ಯಾರ ಸ್ಟೋವು ಅಂತ ಇದಕ್ಕೆ ಹೇಗ್ರೀ ಗೊತ್ತಾಗತ್ತೆ?" ಪಕ್ಕದ ಗುಡಾರದ ಪಾರ್ಥಸಾರಥಿ ಕೇಳಿದರು.

"ಅದಕ್ಕೆ ಸಂಸ್ಕಾರ ಇದೆ ಕಣ್ರೀ. ನಿಮ್ ಥರ ಅಲ್ಲ."

ಸಂಸ್ಕಾರ ಸ್ವಲ್ಪ ಹೆಚ್ಚೇ ಇತ್ತು. ಸ್ಪರ್ಧೆ ಶುರುವಾದಾಗ ಅಜ್ಜಿಯ ಸ್ಟೋವ್ ಮಂದವಾಗಿಯಾದರೂ ಒಂದೇ ಸಮನೆ ಉರಿಯುತ್ತಿದ್ದುದರಿಂದ ಯಂತ್ರ ಅದರತ್ತ ತಿರುಗಿಯೂ ನೋಡಲಿಲ್ಲ. ಕುಂದುತ್ತಿದ್ದ ಪಾರ್ಥಸಾರಥಿಯವರ ಸ್ಟೋವಿನ ಬಳಿಗೆ ಉರುಳಿ ಭರ್ಜರಿಯಾಗಿ ಪಂಪ್ ಹೊಡೆಯಿತು. ಆಮೇಲೆ ಅದರಾಚೆಯದಕ್ಕೆ, ಅದರಾಚೆಯದಕ್ಕೆ. ಮಾವ ಕೀಲಿ ಹಿಡಿದು ಹಿಂದೆ ಹಿಂದೆ ಓಡಿದರು. ಊರವರ ನೀರೆಲ್ಲ ಕುದಿದು ಉಕ್ಕಿತು, ಅಜ್ಜಿಯ ಪಾತ್ರೆಯೊಂದು ಬಿಟ್ಟು. ವಾಗ್ದೇವಿ ನೆಮ್ಮದಿಯ ಉಸಿರು ಬಿಟ್ಟಳು.

ತೀರ್ಪಿಗೆ ಮುಂಚೆ ಸಂಘದ್ದೊಂದು ಪದ್ಧತಿ: ಎಲ್ಲ ಸ್ಟೋವ್ ಆರಿಸಿ, ಅಗಲಿದ ಸದಸ್ಯರಿಗಾಗಿ ಮೌನವಾಗಿ ನಿಲ್ಲುವುದು. ಸದ್ದೆಲ್ಲ ಒಟ್ಟಿಗೆ ನಿಂತಿದ್ದೇ ಯಂತ್ರಕ್ಕೆ ದಿಗಿಲಾಯಿತು. ಕಹಳೆ ಗಿರ್ರನೆ ಸುತ್ತಿತು. ಆರಿದ ಸ್ಟೋವುಗಳಿಗೆಲ್ಲ ಪಂಪ್ ಹೊಡೆದರೂ ಒಂದೂ ಸದ್ದು ಮಾಡಲಿಲ್ಲ. ಕೊನೆಗೆ ಅಧ್ಯಕ್ಷ ಚೆಲುವರಾಯರು ಪಿಸುದನಿಯಲ್ಲಿ ಪ್ರಾರ್ಥಿಸುತ್ತಿದ್ದುದು ಅದರ ಕಿವಿಗೆ ಬಿತ್ತು. ಅವರ ಕೋಟಿನ ಗುಂಡಿ ಹಿಡಿದು ಎಳೆಯಿತು, ಹೊಟ್ಟೆಗೆ ಒತ್ತಿತು, ಎಳೆಯಿತು, ಒತ್ತಿತು. ಒತ್ತಿದಾಗಲೆಲ್ಲ ಅವರು "ಹೂಂ" ಎಂದರು. ಮೌನ ಮುರಿಯಬಾರದಲ್ಲ, ಉಳಿದವರೆಲ್ಲ ತಲೆ ತಗ್ಗಿಸಿಕೊಂಡೇ ನಿಂತಿದ್ದರು.

ಕಿತ್ತುಬಂದ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಅಧ್ಯಕ್ಷರು ಗಂಭೀರವಾಗಿ ತೀರ್ಪು ಹೇಳಿದರು. ತಮ್ಮ ನೀರು ಕಾಯದಿದ್ದರೂ ಎದುರಾಳಿಗಳ ನೀರು ಕಾಯಿಸಿದ ಮನೆತನ ಸಂಘದ ಚರಿತ್ರೆಯಲ್ಲೇ ಇರಲಿಲ್ಲವಂತೆ. ಗೆಲುವು ಅಜ್ಜಿಯ ಸ್ಟೋವಿಗೆ.

ಮಾವನ ಕಣ್ಣು ತುಂಬಿತು. ಇನ್ನೂ ಬೆಚ್ಚಗಿದ್ದ ಸ್ಟೋವನ್ನು ಎರಡೂ ಕೈಯಲ್ಲಿ ಎತ್ತಿ ಅಧ್ಯಕ್ಷರತ್ತ ನಡೆದರು.

"ಮಾವ, ಬೇಡ..." ವಾಗ್ದೇವಿಯ ತುಟಿಯಷ್ಟೇ ಅಲುಗಿತು. ಯಾರಿಗೂ ಕೇಳಲಿಲ್ಲ. ಚಪ್ಪಾಳೆ ನಡೆದೇ ಇತ್ತು.

ಕಹಳೆ ಮಾತ್ರ ಅವಳತ್ತ ತಿರುಗಿತು. ಚಕ್ರಗಳು ಕಿರುಗುಟ್ಟುತ್ತ ಬಂದವು. ಬೆನ್ನಿಗೆ ರಬ್ಬರ್ ಬೆರಳುಗಳು ತಾಕಿದವು. ಒಂದು ಒತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಇನ್ನೊಂದು ಒತ್ತು. ಚಪ್ಪಾಳೆ ನಿಂತಿತು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಯಂತ್ರ ಮೂರನೆಯ ಸಲ ಕೈ ಎತ್ತಿತು.

"ಕೊಡಬೇಡಿ ಮಾವ," ಎಂದಳು ವಾಗ್ದೇವಿ, ಆಚೆ ದಡಕ್ಕೂ ಕೇಳುವಂತೆ. "ಅದು ಉರೀತಿದ್ರೇನೇ ನಂಗೆ ಮಾತು ಬರೋದು."

ಎತ್ತಿದ ಕೈಯನ್ನು ಯಂತ್ರ ಮೆಲ್ಲಗೆ ಇಳಿಸಿತು.