ಕರಿಮೋಡದವರ ಸನ್ನಿಧಿಗೆ, ಒಂದು ಸಿಳ್ಳೆಯ ಬಗ್ಗೆ

ಮಾನ್ಯ ಕರಿಮೋಡದವರೇ,

ಕೈರೋ ನಗರದ ಇಂಬಾಬಾದ ಒಂದು ಮಾಳಿಗೆಯಿಂದ, ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡು, ತುಂಬಿದ ಕಣ್ಣುಗಳೊಂದಿಗೆ ಸಲ್ಲಿಸುವ ಸಲಾಮುಗಳು. ಈ ಕಣ್ಣೀರು ಭಕ್ತಿಯದೆಂದು ತಾವು ಭಾವಿಸಿದರೆ ನನ್ನ ಅಭ್ಯಂತರವೇನೂ ಇಲ್ಲ. ಭತ್ತದ ಕೊಯ್ಲು ಮುಗಿದು ಹೊಲಗಳಲ್ಲಿ ಹುಲ್ಲಿಗೆ ಬೆಂಕಿ ಬಿದ್ದ ಕೂಡಲೇ ತಾವು ಹೊರಡುತ್ತೀರಿ, ದಾರಿಯಲ್ಲಿ ಇಟ್ಟಿಗೆ ಗೂಡಿನ ಹೊಗೆ, ಬಸ್ಸಿನ ಹೊಗೆ, ಕಸದ ರಾಶಿಯ ಹೊಗೆ ಎಲ್ಲವನ್ನೂ ಮದುವೆಗೆ ಬಂಧುಗಳನ್ನು ಹತ್ತಿಸಿಕೊಳ್ಳುವಂತೆ ಹತ್ತಿಸಿಕೊಂಡು ಬಂದು ನಮ್ಮ ತಲೆಯ ಮೇಲೆ ಕೂರುತ್ತೀರಿ, ಗಾಳಿ ಬಂದು ಎಬ್ಬಿಸುವ ತನಕ ಏಳುವುದಿಲ್ಲ. ಅತಿಥಿಗೆ ಎದ್ದುಹೋಗಿ ಎನ್ನುವ ಮನೆತನ ನಮ್ಮದಲ್ಲವಾದ್ದರಿಂದ ಈ ಪತ್ರವನ್ನು ದೂರು ಎಂದು ತಿಳಿಯಬಾರದಾಗಿ ವಿನಂತಿ.

ನಾನು ಬಯ್ಯೂಮಿ. ಪಾರಿವಾಳ ಹಾರಿಸುವ ಉಸ್ತಾದ್ ಜಿನೇದಿಯವರ ಮಗನಾಗಿ ಹುಟ್ಟಿದ್ದೇ ನನ್ನ ಈವರೆಗಿನ ಸಾಧನೆ. ಅಪ್ಪ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹಾಕಿದರೆ ನದಿಯ ಆಚೆಗೆ ಹೋದ ಹಿಂಡೂ ಗಕ್ಕನೆ ತಿರುಗಿ ಮನೆಗೆ ಬರುತ್ತದೆ. ನಾನು ಹಾಕಿದರೆ ಗಾಳಿ ಮತ್ತು ಉಗುಳು ಬರುತ್ತವೆ. "ನಿನಗಿಂತ ನನ್ನ ಚಹಾ ಪಾತ್ರೆ ಚೆನ್ನಾಗಿ ಸಿಳ್ಳೆ ಹಾಕುತ್ತೆ ಕಣೋ" ಎಂದು ಅಮ್ಮ ಹೇಳುವುದು ಬೀದಿಗೇ ಗೊತ್ತು. ಓಣಿಯ ಆಚೆ ಮಾಳಿಗೆಯ ಸಿಬಾಯಿ ಮಾಮನದೂ ಒಂದು ಹಿಂಡಿದೆ. ದಾರಿ ತಪ್ಪಿ ಯಾರ ಮಾಳಿಗೆಗೆ ಇಳಿದು ಬಲೆಗೆ ಬಿದ್ದಿತೋ ಹಕ್ಕಿ ಅವರದು, ವಾಪಸ್ ಕೇಳುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ. ಅಪ್ಪನೂ ಮಾಮನೂ ಒಬ್ಬರ ಹಕ್ಕಿಯನ್ನೊಬ್ಬರು ಹೀಗೆ ಕದಿಯುತ್ತಲೇ ಗೆಳೆಯರಾಗಿ ಉಳಿದವರು.

ಈ ಸಲದ ತಮ್ಮ ಮೊದಲ ಉಪಕಾರವನ್ನು ಹೇಳುತ್ತೇನೆ. ತಾವು ಬಂದು ಕೂತ ವಾರದಲ್ಲೇ ನಮ್ಮ ಮಾಳಿಗೆಗೆ ಬೂದಿ ಬಣ್ಣದ ಹೆಣ್ಣು ಪಾರಿವಾಳವೊಂದು ಇಳಿಯಿತು. ನಾನು ದಂಡನಾಯಕನಂತೆ ಹೊಟ್ಟೆಯ ಮೇಲೆ ತೆವಳಿ ಬಲೆ ಬೀಸಿ ಹಿಡಿದೆ, ಮಾಳಿಗೆಯ ಅಂಚಿನ ಕಟಕಟೆಯ ಮೇಲೆ ಹತ್ತಿ ನಿಂತು "ಸಿಬಾಯಿ ಮಾಮಾ, ನಿನ್ನ ರಾಣಿ ನಮ್ಮ ಮನೆ ಸೊಸೆ ಆದ್ಲು!" ಎಂದು ಕೂಗಿದೆ, ಓಣಿಗೆಲ್ಲ ಶರಬತ್ತು ಹಂಚಿದೆ. ಅಪ್ಪ ಹಕ್ಕಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು, ಬಕೆಟ್ಟಿನ ನೀರಿನಲ್ಲಿ ಅದ್ದಿ ಸೋಪು ಹಚ್ಚಿದರು. ನೀರು ಕಪ್ಪಾಯಿತು, ಹಕ್ಕಿ ಬೆಳ್ಳಗಾಯಿತು. ಅದು ನಮ್ಮ ಗೂಡಿನಲ್ಲೇ ಮೊಟ್ಟೆಯೊಡೆದು ಬಂದ, ನಾನೇ ಬಾಯಿಗೆ ಕಾಳಿಟ್ಟು ಸಾಕಿದ ಲೂಲಿ. "ಲೋ ಬಯ್ಯೂಮಿ, ನಾಳೆ ಕನ್ನಡೀಲಿ ನಿನ್ನ ಮುಖ ಕಂಡ್ರೂ ಬಲೆ ಬೀಸ್ಬೇಡ್ವೋ!" ಎಂದು ಮಾಮ ಆಚೆಯಿಂದ ಕೂಗಿದರು. ಸ್ವಂತ ಆಸ್ತಿಯನ್ನೇ ಗೆದ್ದು ಸಿಹಿ ಹಂಚಿದ ಕೀರ್ತಿಯನ್ನು ನನಗೆ ದಯಪಾಲಿಸಿದ್ದಕ್ಕಾಗಿ ನಾನು ತಮಗೆ ಚಿರಋಣಿ.

ಎಲ್ಲರಂತೆ ಅಪ್ಪನೂ ನಕ್ಕರು. ಎಲ್ಲರ ನಗು ನಿಂತಿತು, ಅಪ್ಪನದು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ, ತುಟಿ ನೀಲಿಗಟ್ಟಿತು, ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಡಾಕ್ಟರಮ್ಮನ ಬಾಯಿಂದ ತಮ್ಮ ಗುಣಗಾನ ಕೇಳಿ ನನಗೆ ರೋಮಾಂಚನವಾಯಿತು. ತಮ್ಮ ಕಣಗಳು ಎಷ್ಟು ಸಣ್ಣವೆಂದರೆ ಮೂಗಿನ ಕೂದಲು ಅವನ್ನು ತಡೆಯುವುದಿಲ್ಲವಂತೆ, ಶ್ವಾಸಕೋಶದ ತಳಕ್ಕಿಳಿದು ಅಲ್ಲಿಂದ ರಕ್ತಕ್ಕೆ ಸೇರಿ ಹೃದಯದ ತನಕವೂ ಹೋಗಿ ಕೂರುತ್ತವಂತೆ. ಅಪ್ಪನ ಹೃದಯದಲ್ಲಿ ಜಾಗ ಪಡೆಯಲು ಇಷ್ಟು ವರ್ಷ ಹೆಣಗಿದ ನನಗೆ ಇದು ಹೊಟ್ಟೆಕಿಚ್ಚಿನ ಸಂಗತಿ. "ಈ ಮೋಡ ಹೋಗೋತನಕ ಮಾಳಿಗೆ ಹತ್ತಬೇಡಿ ಹಾಜಿ, ಹಕ್ಕಿಗಳ ಧೂಳೂ ನಿಮಗೆ ಆಗಲ್ಲ" ಎಂದರು ಡಾಕ್ಟರಮ್ಮ. ಅಪ್ಪ ಮೂಗಿನ ಮೇಲಿನ ಆಮ್ಲಜನಕದ ಮುಖವಾಡ ಸರಿಸಿ, "ಹಾಗಾದ್ರೆ ಸಂಜೆ ಅವನ್ನ ಕರೆಯೋರು ಯಾರಮ್ಮ? ಇವ್ನಾ?" ಎಂದು ನನ್ನತ್ತ ಕೈ ತೋರಿಸಿದರು. ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾಪ, ಮುಖವಾಡವನ್ನು ಮತ್ತೆ ಅಪ್ಪನ ಮೂಗಿಗೇರಿಸಿದರು.

ಆ ನೋಟವನ್ನು ಸುಳ್ಳಾಗಿಸಲು ಅಪ್ಪ ಮನೆಗೆ ಬಂದ ಮರುದಿನವೇ ನಾನು ಹಿಂಡನ್ನು ಹಾರಿಬಿಟ್ಟೆ. ತಮ್ಮ ಹೊದಿಕೆಯೊಳಗೆ ಅದು ಮಾಯವಾಯಿತು. ಹಿಂಡಿಗೆ ಮನೆಯ ಗುರುತು ತೋರುವ ಕೆಂಪು ಬಾವುಟ ಬೀಸಿದೆ, ಬಾವುಟ ನನಗೇ ಸರಿಯಾಗಿ ಕಾಣಲಿಲ್ಲ. ಸಿಳ್ಳೆ ಹಾಕಿದೆ, ಅಂಗಿ ಒದ್ದೆಯಾಯಿತು. ಹಿಂದೆ ಸದ್ದಾಯಿತೆಂದು ತಿರುಗಿದರೆ ಅಪ್ಪ, ಕಂಬಳಿ ಹೊದ್ದು, ಮೆಟ್ಟಿಲಿಗೊಮ್ಮೆ ಕೂತು ಎದ್ದು ಬಂದವರು. ಎರಡು ಬೆರಳು ಬಾಯಲ್ಲಿಟ್ಟರು. ಉಸಿರು ಬಂತು, ಸಿಳ್ಳೆ ಬರಲಿಲ್ಲ. ಮತ್ತೆ ಇಟ್ಟರು. ನಾನು ಪಾರಿವಾಳ ನೋಡುವ ನೆಪದಲ್ಲಿ ಆಚೆ ತಿರುಗಿಕೊಂಡೆ.

ಆಗ ಹೊಗೆಯೊಳಗಿಂದ ಅಪ್ಪನದೇ ಸಿಳ್ಳೆ ಕೇಳಿತು, ಅದೇ ಎಳೆತ, ಅದೇ ಕೊನೆಯ ತಿರುವು. ಹಾಕಿದವರು ಸಿಬಾಯಿ ಮಾಮ. ಅಪ್ಪನ ಹಕ್ಕಿಗಳನ್ನು ಕದಿಯಲು ಕಲಿತಿಟ್ಟುಕೊಂಡಿದ್ದ ಸಿಳ್ಳೆ ಅದು. ಇಡೀ ಹಿಂಡು ಅವರ ಮಾಳಿಗೆಗೆ ಇಳಿಯಿತು. "ಬಲೆ ಮುಟ್ಟಿಲ್ಲ ಕಣೋ ಜಿನೇದಿ! ನಾಳೆ ಬುಟ್ಟಿಗೆ ತುಂಬಿ ಕಳಿಸ್ತೀನಿ!" ಎಂದು ಅವರು ಕೂಗಿದರು. ಜೀವಮಾನದಲ್ಲಿ ಅಪ್ಪನಿಗೆ ಯಾರೂ ಇಷ್ಟು ದೊಡ್ಡ ಅವಮಾನ ಮಾಡಿರಲಿಲ್ಲ. ಕೂಗಲು ಉಸಿರಿಲ್ಲದ್ದರಿಂದ ಅಪ್ಪ ನನ್ನ ಕಿವಿಯಲ್ಲಿ ಹೇಳಿದರು, ನಾನು ಕೂಗಿದೆ: "ಬುಟ್ಟಿ ಬೇಡ್ವಂತೆ! ಬಲೆ ಹಾಕಿ ಇಟ್ಕೋಬೇಕಂತೆ! ಮೋಡ ಹೋದ್ಮೇಲೆ ಅಪ್ಪನೇ ಒಂದೊಂದಾಗಿ ಕರ್ಕೋತಾರಂತೆ, ಆಗ ಅತ್ಕೊಂಡು ಬರ್ಬೇಡ ಅಂತಿದಾರೆ!" ಆಚೆಯಿಂದ ಬಲೆ ಬೀಸಿದ ಸದ್ದು ಬಂತು.

ಆದ್ದರಿಂದ ಮಾನ್ಯರೇ, ನನ್ನ ಕೋರಿಕೆಗಳು ಅಲ್ಪ. ತಾವು ಮುಂದಿನ ವರ್ಷದಿಂದ ಶ್ವಾಸಕೋಶವಿಲ್ಲದವರು ವಾಸಿಸುವ ಊರೊಂದನ್ನು ಹುಡುಕಿಕೊಳ್ಳಬೇಕು. ಸಾಧ್ಯವಾಗದಿದ್ದರೆ ಸಂಜೆ ಹಿಂಡು ಇಳಿಯುವ ಹೊತ್ತಿಗಾದರೂ ಚಹಾಕ್ಕೆಂದು ಎದ್ದುಹೋಗಬೇಕು. ಅದೂ ಆಗದಿದ್ದರೆ, ಅಪ್ಪನಿಂದ ಒಯ್ದ ಉಸಿರಿನಲ್ಲಿ ಒಂದು ಸಿಳ್ಳೆಗೆ ಸಾಲುವಷ್ಟನ್ನು ಹೊರಡುವ ಮುನ್ನ ನಮ್ಮ ಕಟಕಟೆಯ ಮೇಲೆ ಇಟ್ಟುಹೋಗಬೇಕು. ಅಪ್ಪ ದಿನವೂ ಸಂಜೆ ಮುಚ್ಚಿದ ಕಿಟಕಿಯ ಹಿಂದೆ ಕೂತು ಬೆರಳು ಬಾಯಿಗಿಟ್ಟು ನೋಡುತ್ತಾರೆ, ಇನ್ನೂ ಬಂದಿಲ್ಲ. ಅವರು ಕಲಿಸುತ್ತಾರೆ, ನಾನು ಮಾಳಿಗೆ ಹತ್ತಿ ಅಭ್ಯಾಸ ಮಾಡುತ್ತೇನೆ. ನಿನ್ನೆ ನನ್ನ ಸಿಳ್ಳೆಗೆ ಮೊದಲ ಬಾರಿಗೆ ಒಬ್ಬರು ಓಗೊಟ್ಟರು, ಪಕ್ಕದ ಓಣಿಯ ನಾಯಿ. ಅಪ್ಪ ಕೇಳಿ ನಗಲಿಲ್ಲ. ನಕ್ಕರೆ ಕೆಮ್ಮು ಬರುತ್ತದೆಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ಎರಡು ಕೆಮ್ಮಿನ ನಡುವಿನ ಬಿಡುವಿನಲ್ಲಿ,
ತಮ್ಮ ವಿಶ್ವಾಸಿ,
ಬಯ್ಯೂಮಿ ಜಿನೇದಿ

ಮರೆತ ಮಾತು: ಅಪ್ಪನನ್ನು ಆಸ್ಪತ್ರೆಗೆ ಒಯ್ದದ್ದು ನಾನು ಹೊಟ್ಟೆಪಾಡಿಗೆ ಓಡಿಸುವ ಟುಕ್‌ಟುಕ್‌ನಲ್ಲೇ. ಹಿಂದೆ ಬರುತ್ತಿದ್ದವರು ಬೈದದ್ದನ್ನು ನಂಬುವುದಾದರೆ ದಾರಿಯುದ್ದಕ್ಕೂ ಅದು ತಮ್ಮದೇ ಹೋಲಿಕೆಯ ಹೊಗೆಮರಿಯೊಂದನ್ನು ಹಡೆಯುತ್ತಾ ಹೋಯಿತು. ತಾವು ಹೊರಡುವಾಗ ದಯವಿಟ್ಟು ಅದನ್ನೂ ಕರೆದುಕೊಂಡು ಹೋಗಿ. ತಂದೆ ಯಾರೆಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಬೇಡಿ, ಅಪ್ಪ ಮನೆಯಲ್ಲೇ ಇದ್ದಾರೆ, ಕೇಳಿಸೀತು.